ದಿನ ತುಂಬದ ಶಿಶುವಿಗೆ ಹಾಲುಣಿಸುವಾಗ: ಸಂಜ್ಞೆ ಮತ್ತು ಶುಶ್ರೂಷೆ

ಗರ್ಭದ 37 ವಾರಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯಶಾಸ್ತ್ರ ಅವಧಿಪೂರ್ವ ಶಿಶು ಎಂದು ಕರೆಯುತ್ತದೆ. ಊರಮಾತಿನಲ್ಲಿ ಅದು ದಿನ ತುಂಬದ ಮಗು. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅಂದರೆ ಹುಟ್ಟಿದ ಪ್ರತಿ ಹತ್ತು ಮಕ್ಕಳಲ್ಲಿ ಒಂದು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದಲ್ಲೇ ಹುಟ್ಟಿದವು, ಬೇರೆ ಯಾವ ದೇಶದಲ್ಲೂ ಇಷ್ಟು ಸಂಖ್ಯೆಯಿಲ್ಲ. ಇಂಥ ಮಕ್ಕಳ ಆರೈಕೆ ಎಂದೊಡನೆ ಉಸಿರಾಟದ ಯಂತ್ರ, ಗಾಜಿನ ಪೆಟ್ಟಿಗೆ, ತೊಡರಿಕೊಂಡ ವೈರುಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಉಸಿರಾಟ ಒಂದು ನೆಲೆಗೆ ಬಂದ ಮೇಲೆ, ಮಗು ಮನೆಗೆ ಹೋಗುವ ದಿನವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದು ಬಾಯಿಯಿಂದ ತಾನಾಗಿ ಹಾಲು ಕುಡಿಯಬಲ್ಲುದೇ ಎಂಬ ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಸಿಗುವುದು ಶುಶ್ರೂಷಕಿಯ ಕೈಯಲ್ಲಿ, ದಿನಕ್ಕೆ ಎಂಟು ಅಥವಾ ಹನ್ನೆರಡು ಬಾರಿ, ಒಂದೊಂದು ಬಾರಿಗೂ ಹದಿನೈದಿಪ್ಪತ್ತು ನಿಮಿಷಗಳ ಅವಧಿಯಲ್ಲಿ. ಆ ನಿಮಿಷಗಳಲ್ಲಿ ಮಗು ತನ್ನ ಮೈಯಿಂದ ಏನನ್ನು ಹೇಳುತ್ತದೆ, ಅದಕ್ಕೆ ಶುಶ್ರೂಷಕಿ ಹೇಗೆ ಮರುನುಡಿಯುತ್ತಾಳೆ ಎಂಬುದೇ ಪ್ರಸ್ತುತ ಉಪನ್ಯಾಸದ ವಿಷಯ. ಆಕೆಯ ಪರಿಣತಿ ಹೆಚ್ಚಾಗಿ ಕಾಣುವುದು ಹಾಲು ಕುಡಿಸುವುದರಲ್ಲಿ ಅಲ್ಲ, ಸರಿಯಾದ ಗಳಿಗೆಯಲ್ಲಿ ನಿಲ್ಲಿಸುವುದರಲ್ಲಿ ಎಂಬುದು ಇಲ್ಲಿನ ನಿಲುವು.

ಹಾಲು ಕುಡಿಯುವುದು ನೋಡುವವರಿಗೆ ಸರಳ ಕೆಲಸ. ಆದರೆ ಅದರೊಳಗೆ ಮೂರು ಕೆಲಸಗಳು ಹೆಣೆದುಕೊಂಡಿವೆ: ಹೀರುವುದು, ನುಂಗುವುದು, ಉಸಿರಾಡುವುದು. ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಒಂದೆಡೆ ಕೂಡುವುದರಿಂದ, ಪ್ರತಿ ಗುಟುಕನ್ನು ನುಂಗುವಾಗಲೂ ಶ್ವಾಸನಾಳ ಮುಚ್ಚಿಕೊಳ್ಳಬೇಕು, ಅಷ್ಟು ಹೊತ್ತು ಉಸಿರು ನಿಲ್ಲಬೇಕು, ನುಂಗಿದ ಕೂಡಲೇ ಮತ್ತೆ ತೆರೆಯಬೇಕು. ದಿನ ತುಂಬಿದ ಮಗು ಸೆಕೆಂಡಿಗೆ ಸುಮಾರು ಒಂದರಂತೆ ಹೀರುತ್ತ, ನಡುನಡುವೆ ಉಸಿರಿಗೆ ಎಡೆಮಾಡಿಕೊಳ್ಳುತ್ತ, ಈ ಲಯವನ್ನು ಯಾರೂ ಕಲಿಸದೆಯೇ ನಡೆಸಿಕೊಂಡು ಹೋಗುತ್ತದೆ. ಭ್ರೂಣ ಗರ್ಭದ ಮೊದಲ ಕೆಲವು ತಿಂಗಳುಗಳಲ್ಲೇ ನುಂಗಲು ಕಲಿತಿರುತ್ತದೆ, ಬೆರಳು ಚೀಪುವುದನ್ನೂ ಬಲ್ಲದು. ಆದರೆ ಮೂರನ್ನೂ ಒಂದಕ್ಕೊಂದು ತಾಳ ಹಾಕಿ ಕೂಡಿಸುವ ಸಾಮರ್ಥ್ಯ ಕೂಡಿಬರುವುದು ಸಾಮಾನ್ಯವಾಗಿ 32ರಿಂದ 34ನೆಯ ವಾರದ ಸುಮಾರಿಗೆ, ಅದು ಗಟ್ಟಿಯಾಗುವುದು ಇನ್ನೂ ತಡವಾಗಿ. ಅದಕ್ಕೂ ಮುಂಚೆ ಹುಟ್ಟಿದ ಮಗು, ಗರ್ಭದೊಳಗೆ ಕತ್ತಲಲ್ಲಿ ಸಾವಕಾಶವಾಗಿ ಮುಗಿಸಬೇಕಾಗಿದ್ದ ಈ ಅಭ್ಯಾಸವನ್ನು ಬೆಳಕು, ಸದ್ದು, ಹಸಿವು, ಉಬ್ಬಸಗಳ ನಡುವೆ ಮುಗಿಸಬೇಕಾಗುತ್ತದೆ.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಾಂತಾಲ್ ಲಾವ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೀರುವಿಕೆಯೊಂದರಲ್ಲೇ ಐದು ಹಂತಗಳನ್ನು ಗುರುತಿಸಿತು. ಮಗು ಮೊದಲು ತೊಟ್ಟನ್ನು ನಾಲಿಗೆಗೂ ಅಂಗುಳಿಗೂ ನಡುವೆ ಅಮುಕಿ ಹಾಲು ಹೊರಡಿಸಲು ಕಲಿಯುತ್ತದೆ. ಬಾಯೊಳಗೆ ಗಾಳಿಯ ಒತ್ತಡ ಇಳಿಸಿ ಸೆಳೆದುಕೊಳ್ಳುವ ಶಕ್ತಿ ಬರುವುದು ಆಮೇಲೆ. ಅಮುಕುವುದು ಮತ್ತು ಸೆಳೆಯುವುದು ಒಂದಾದ ಮೇಲೊಂದರಂತೆ ಲಯಬದ್ಧವಾಗುವುದು ಕಡೆಯ ಹಂತ. ಹೀಗಿರುವಾಗ ಎರಡು ಮಕ್ಕಳು ಒಂದೇ ವಾರದಲ್ಲಿ ಹುಟ್ಟಿ ಒಂದೇ ತೂಕವಿದ್ದರೂ ಒಂದೇ ರೀತಿ ಕುಡಿಯುವುದಿಲ್ಲ; ಅದೇ ಮಗು ಬೆಳಗ್ಗೆ ಕುಡಿದಂತೆ ಸಂಜೆ ಕುಡಿಯುವುದಿಲ್ಲ. ವಾರದ ಲೆಕ್ಕ ಶುಶ್ರೂಷಕಿಗೆ ಯಾವಾಗ ಶುರುಮಾಡಬಹುದು ಎಂಬುದರ ಅಂದಾಜನ್ನಷ್ಟೇ ಕೊಡುತ್ತದೆ. ಈ ಗಳಿಗೆಯಲ್ಲಿ, ಈ ಗುಟುಕಿನ ನಂತರ, ಇನ್ನೊಂದು ಗುಟುಕು ಸಲ್ಲುತ್ತದೆಯೇ ಎಂಬುದನ್ನು ಮಗುವನ್ನೇ ನೋಡಿ ತಿಳಿಯಬೇಕು.

ಅತ್ತರೆ ತಾನೆ ಅಮ್ಮ ಹಾಲು ಕೊಡುವುದು ಎಂಬ ಮಾತು ಕನ್ನಡದಲ್ಲಿ ಬಳಕೆಯಲ್ಲಿದೆ. ದಿನ ತುಂಬದ ಮಗುವಿನ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ. ಅಳುವುದಕ್ಕೆ ಬೇಕಾದ ತ್ರಾಣವೇ ಅದಕ್ಕಿಲ್ಲ. ಇದ್ದರೂ, ಅಳು ಹಸಿವಿನ ಕಡೆಯ ಸಂಜ್ಞೆ, ಅಳುವಷ್ಟರಲ್ಲಿ ಕುಡಿಯಲು ಬೇಕಾದ ಶಕ್ತಿ ಅಳುವುದರಲ್ಲೇ ವ್ಯಯವಾಗಿರುತ್ತದೆ. ಅದರ ಹಸಿವು ಕಾಣಿಸಿಕೊಳ್ಳುವುದು ಬಹು ಸಣ್ಣ ಚಲನೆಗಳಲ್ಲಿ: ನಿದ್ದೆ ಹಗುರಾಗಿ ಕಣ್ಣು ಅರೆ ತೆರೆಯುವುದು, ಕೈ ಬಾಯ ಬಳಿ ಬರುವುದು, ನಾಲಿಗೆ ತುಟಿಯಂಚಿಗೆ ಇಣುಕುವುದು, ಕೆನ್ನೆಗೆ ತಾಗಿದ ಕಡೆಗೆ ಬಾಯಿ ತೆರೆದು ತಿರುಗಿ ತಡಕುವುದು. ಇವು ಕೆಲವೊಮ್ಮೆ ಒಂದೆರಡು ನಿಮಿಷ ಇದ್ದು ಮರೆಯಾಗುತ್ತವೆ. ಆಗ ಯಾರೂ ನೋಡದಿದ್ದರೆ ಮಗು ಮತ್ತೆ ನಿದ್ದೆಗೆ ಜಾರುತ್ತದೆ, ಗಡಿಯಾರದ ಪ್ರಕಾರ ಹಾಲಿನ ಹೊತ್ತು ಬಂದಾಗ ಅದನ್ನು ಎಬ್ಬಿಸಬೇಕಾಗುತ್ತದೆ.

ಈ ಸಣ್ಣ ಚಲನೆಗಳನ್ನು ಒಂದು ಭಾಷೆಯಂತೆ ಓದಬಹುದು ಎಂಬುದನ್ನು ವ್ಯವಸ್ಥಿತವಾಗಿ ಪ್ರತಿಪಾದಿಸಿದವರು ಬಾಸ್ಟನ್‌ನ ಮನೋವಿಜ್ಞಾನಿ ಹೈಡೆಲೀಸ್ ಆಲ್ಸ್. 1982ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ಪ್ರಕಾರ ಶಿಶುವಿನ ವರ್ತನೆ ಹಲವು ಪದರಗಳಲ್ಲಿ ವ್ಯಕ್ತವಾಗುತ್ತದೆ: ಉಸಿರು, ಮೈಬಣ್ಣ, ಹೃದಯಬಡಿತ, ಬಿಕ್ಕಳಿಕೆಗಳಂಥ ಒಳಗಿನ ವ್ಯವಹಾರಗಳು ಒಂದು ಪದರ, ಕೈಕಾಲುಗಳ ಬಿಗಿ ಮತ್ತು ಚಲನೆ ಇನ್ನೊಂದು, ನಿದ್ದೆ, ಮಂಪರು, ಎಚ್ಚರಗಳೆಂಬ ಸ್ಥಿತಿಗಳು ಮತ್ತೊಂದು, ಹೊರಗಿನದಕ್ಕೆ ಗಮನ ಕೊಡುವುದು ಅದರ ಮೇಲಿನದು, ಇವೆಲ್ಲವನ್ನೂ ತಾನೇ ಸಂಭಾಳಿಸಿಕೊಳ್ಳುವ ಪ್ರಯತ್ನ ಕೊನೆಯದು. ಒಳಪದರ ಕದಡಿದರೆ ಮೇಲಿನವು ನಿಲ್ಲುವುದಿಲ್ಲ. ಹಾಲು ಕುಡಿಯುತ್ತಿರುವ ಮಗು ಸಟ್ಟನೆ ನಿದ್ದೆ ಹೋದರೆ ಹೊಟ್ಟೆ ತುಂಬಿದೆ ಎಂದಷ್ಟೇ ತಿಳಿಯಬೇಕಿಲ್ಲ. ಉಸಿರಿನ ಕಷ್ಟವನ್ನು ತಾಳಲಾರದೆ ಅದು ಎಲ್ಲದರಿಂದಲೂ ಹಿಂದೆ ಸರಿದಿರಬಹುದು. ಸಂತೃಪ್ತಿಯ ನಿದ್ದೆಗೂ ಸೋಲಿನ ನಿದ್ದೆಗೂ ಇರುವ ಈ ಅಂತರವನ್ನು ಹಿಡಿಯುವುದೇ ನವಜಾತ ಶಿಶುಗಳ ಆರೈಕೆಯ ಘಟಕಕ್ಕೆ ಹೊಸದಾಗಿ ಸೇರಿದ ಶುಶ್ರೂಷಕಿಗೆ ಎಲ್ಲಕ್ಕಿಂತ ಕಷ್ಟದ ಪಾಠ.

ಒಂದು ಹಾಲೂಟವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಗು 34 ವಾರದ್ದು, ಮೂಗಿನ ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಹಾಕಿದ ತೆಳು ನಳಿಕೆ ಇನ್ನೂ ಇದೆ, ಬಾಟಲಿಯಲ್ಲಿ ತಾಯಿಯ ಹಿಂಡಿದ ಹಾಲು ಇದೆ ಎಂದಿಟ್ಟುಕೊಳ್ಳಬಹುದು. ಮೊದಲ ನಿಮಿಷ ಹಸಿವಿನ ಭರಕ್ಕೆ ಮಗು ಬಿಡುವಿಲ್ಲದೆ ಎಂಟು ಹತ್ತು ಬಾರಿ ಹೀರುತ್ತದೆ, ಪ್ರತಿ ಬಾರಿಯೂ ನುಂಗುತ್ತದೆ, ಉಸಿರಿಗೆ ಮಾತ್ರ ನಿಲ್ಲುವುದಿಲ್ಲ. ನೋಡುವವರಿಗೆ ಇದು ಚೆನ್ನಾಗಿ ಕುಡಿಯುತ್ತಿದೆ ಎನ್ನಿಸುತ್ತದೆ. ಅಷ್ಟರಲ್ಲಿ ಹುಬ್ಬು ಮೇಲೇರುತ್ತದೆ, ಹಣೆಯಲ್ಲಿ ಗೆರೆ ಮೂಡುತ್ತದೆ, ಕಣ್ಣು ಅಗಲವಾಗುತ್ತದೆ. ಮುಷ್ಟಿ ಬಿಚ್ಚಿ ಐದೂ ಬೆರಳು ಬೀಸಣಿಗೆಯಂತೆ ಹರಡುತ್ತವೆ. ಮೂಗಿನ ಹೊಳ್ಳೆ ಅರಳುತ್ತದೆ. ತುಟಿಯ ಕೊನೆಯಿಂದ ಹಾಲು ಜಿನುಗಿ ಗದ್ದದ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಅಗಲವಾದ ಕಣ್ಣನ್ನು ಉತ್ಸಾಹವೆಂದೂ, ಜಿನುಗಿದ ಹಾಲನ್ನು ಸೋಮಾರಿತನವೆಂದೂ ತಪ್ಪಾಗಿ ಓದುವುದುಂಟು. ವಾಸ್ತವದಲ್ಲಿ ನುಂಗಲಾರದಷ್ಟು ಹಾಲು ಬಾಯಿಗೆ ಬಂದಾಗ ಅದನ್ನು ಹೊರಬಿಡುವುದು ಮಗುವಿಗೆ ಉಳಿದ ಒಂದೇ ರಕ್ಷಣೆ. ಇದೆಲ್ಲ ಆದ ಮೇಲಷ್ಟೇ ತುಟಿಯ ಸುತ್ತ ಬಣ್ಣ ಕಂದುತ್ತದೆ, ಬೆರಳಿಗೋ ಪಾದಕ್ಕೋ ಕಟ್ಟಿದ ಪಲ್ಸ್ ಆಕ್ಸಿಮೀಟರ್, ಅಂದರೆ ರಕ್ತದ ಆಮ್ಲಜನಕದ ಮಟ್ಟ ತೋರಿಸುವ ಉಪಕರಣ, ಕೂಗುತ್ತದೆ. ಆ ಉಪಕರಣ ಹಿಂದಿನ ಕೆಲವು ಸೆಕೆಂಡುಗಳ ಸರಾಸರಿಯನ್ನು ತೋರಿಸುತ್ತದೆಯಾದ್ದರಿಂದ ಅದರ ಸದ್ದು ಯಾವಾಗಲೂ ಸ್ವಲ್ಪ ತಡ. ಮುಖ ಅದಕ್ಕಿಂತ ಮೊದಲೇ ಹೇಳಿರುತ್ತದೆ. ಶುಶ್ರೂಷಾ ವಿದ್ವಾಂಸೆ ಸುಝಾನ್ ಥಾಯರ್ ಅವರು 2003ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನದ ವಿಷಯವೇ ಇದು: ಬಾಟಲಿ ಕುಡಿಯುವ ಅವಧಿಪೂರ್ವ ಶಿಶುಗಳಲ್ಲಿ ಆಮ್ಲಜನಕ ಇಳಿಯುವುದನ್ನು ಅವುಗಳ ವರ್ತನೆಯಿಂದ ಗುರುತಿಸಬಹುದೇ ಎಂಬುದು.

ಪರಿಣತ ಶುಶ್ರೂಷಕಿಯ ಉತ್ತರ ಹುಬ್ಬೇರಿದ ಕ್ಷಣದಲ್ಲೇ ಶುರುವಾಗುತ್ತದೆ. ಆಕೆ ತೊಟ್ಟನ್ನು ಬಾಯಿಂದ ಕಿತ್ತುಕೊಳ್ಳುವುದಿಲ್ಲ. ಬಾಟಲಿಯ ಹಿಂಭಾಗವನ್ನು ತುಸು ತಗ್ಗಿಸುತ್ತಾಳೆ, ತೊಟ್ಟಿನಲ್ಲಿದ್ದ ಹಾಲು ಹಿಂದಕ್ಕೆ ಸರಿಯುತ್ತದೆ, ಮಗು ಬರಿದಾದ ತೊಟ್ಟನ್ನು ಹಿಡಿದುಕೊಂಡೇ ನಾಲ್ಕಾರು ಉಸಿರು ಎಳೆದುಕೊಳ್ಳುತ್ತದೆ. ಮತ್ತೆ ತಾನಾಗಿ ಹೀರಲು ತೊಡಗಿದಾಗ ಬಾಟಲಿ ಮೇಲೇರುತ್ತದೆ. ಹೊರಗಿನಿಂದ ಲಯ ಹಿಡಿದುಕೊಡುವ ಈ ಕ್ರಮ ತಾಳ ತಪ್ಪುವ ಹಾಡುಗಾರನಿಗೆ ಪಕ್ಕದಲ್ಲಿ ಕುಳಿತು ತಾಳ ಹಾಕಿದಂತೆ. ಕೆಲವು ದಿನಗಳಲ್ಲಿ ಮಗು ತಾನೇ ಮೂರು ನಾಲ್ಕು ಗುಟುಕಿಗೊಮ್ಮೆ ನಿಲ್ಲಲು ಕಲಿಯುತ್ತದೆ. ಇದರೊಡನೆ ಇನ್ನೂ ಕೆಲವು ವಿಧಾನಗಳಿವೆ. ಮಗುವನ್ನು ಅಂಗಾತ ಹಿಡಿಯುವ ಬದಲು ತಲೆ ಎತ್ತರವಾಗಿರುವಂತೆ ಪಕ್ಕಕ್ಕೆ ಮಲಗಿಸಿಕೊಂಡರೆ, ಮೊಲೆಯುಣ್ಣುವ ಭಂಗಿಗೆ ಅದು ಹತ್ತಿರವಾಗುತ್ತದೆ, ಹೆಚ್ಚಿದ ಹಾಲು ನೇರ ಗಂಟಲಿಗೆ ನುಗ್ಗದೆ ಕೆನ್ನೆಯಲ್ಲಿ ನಿಲ್ಲುತ್ತದೆ. ಹರಿವು ನಿಧಾನವಾದ ತೊಟ್ಟನ್ನು ಆರಿಸಬೇಕು. ಹೀರಲು ಕಷ್ಟವಾಗುತ್ತಿದೆ ಎಂದು ರಂಧ್ರ ದೊಡ್ಡದು ಮಾಡುವುದು ಕೈಯಾರೆ ಅಪಾಯ ತಂದುಕೊಂಡಂತೆ. ಕೈಕಾಲು ಮೈಯ ಮಧ್ಯಕ್ಕೆ ಬರುವಂತೆ ಬಟ್ಟೆ ಸುತ್ತಿ, ಬೆಳಕು ತಗ್ಗಿಸಿದರೆ ಮಗುವಿನ ಶಕ್ತಿ ಬೇರೆಡೆ ಚದುರುವುದಿಲ್ಲ.

ಮಾಡಬಾರದ್ದರ ಪಟ್ಟಿ ಇನ್ನೂ ಮುಖ್ಯ, ಏಕೆಂದರೆ ಅವೆಲ್ಲ ಒಳ್ಳೆಯ ಮನಸ್ಸಿನಿಂದಲೇ ನಡೆಯುವಂಥವು. ಮಗು ನಿಂತಾಗ ತೊಟ್ಟನ್ನು ಬಾಯೊಳಗೆ ತಿರುಗಿಸುವುದು, ಮೇಲೆ ಕೆಳಗೆ ಅಲ್ಲಾಡಿಸುವುದು, ಗದ್ದವನ್ನು ತಳ್ಳುವುದು, ಅಂಗಾಲು ಚಿವುಟಿ ಎಬ್ಬಿಸುವುದು. ನಿಂತ ಮಗು ಹೆಚ್ಚಿನ ಸಲ ಉಸಿರು ತೆಗೆದುಕೊಳ್ಳುತ್ತಿರುತ್ತದೆ. ಆ ಹೊತ್ತಿಗೆ ಬಾಯಿಗೆ ಹಾಲು ಸುರಿದರೆ ನುಂಗಲೇಬೇಕಾದ ಒತ್ತಾಯ ಬರುತ್ತದೆ, ಉಸಿರು ಮತ್ತೆ ತಡೆಯುತ್ತದೆ. ಹಾಲು ಹೊಟ್ಟೆಗೇನೋ ಹೋಗುತ್ತದೆ; ಆದರೆ ಪ್ರತಿದಿನ ಹಲವು ಬಾರಿ ಹೀಗಾದರೆ ಬಾಯಿಗೆ ಬಂದದ್ದೆಲ್ಲ ಉಸಿರುಗಟ್ಟಿಸುತ್ತದೆ ಎಂಬ ಪಾಠವನ್ನು ಮಗು ಕಲಿಯುವ ಸಂಭವವಿದೆ. ಮನೆಗೆ ಹೋದ ಮೇಲೆ ಬಾಟಲಿ ಕಂಡರೆ ಮುಖ ತಿರುಗಿಸುವ, ಘನ ಆಹಾರ ಶುರುವಾದಾಗ ಬಾಯಿ ಬಿಗಿಯುವ ಮಕ್ಕಳ ಬಗ್ಗೆ ಚಿಂತಿಸುವವರು ಈ ದಿನಗಳತ್ತ ಬೊಟ್ಟುಮಾಡುವುದು ಅಕಾರಣವಲ್ಲ.

ಹಾಗಾದರೆ ಇಷ್ಟೆಲ್ಲ ತಿಳಿದೂ ತಳ್ಳಿ ಕುಡಿಸುವುದು ಏಕೆ ನಡೆಯುತ್ತದೆ? ಕಾರಣ ವ್ಯಕ್ತಿಗಳಲ್ಲಿಲ್ಲ, ಅಳತೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸ್ತೆಫಾನ್ ತಾರ್ನಿಯೆ ಶಿಶುಗಳಿಗಾಗಿ ಬೆಚ್ಚಗಿನ ಪೆಟ್ಟಿಗೆಯನ್ನೂ ನಳಿಕೆಯ ಮೂಲಕ ಹಾಲೂಡುವ ಕ್ರಮವನ್ನೂ ಬಳಕೆಗೆ ತಂದರು. ಅವರ ಶಿಷ್ಯ ಪಿಯೇರ್ ಬುಡಾಂ ಹಾಲಿನ ಪ್ರಮಾಣವನ್ನೂ ತೂಕವನ್ನೂ ಬರೆದಿಡುವುದನ್ನು ಶಿಶುವೈದ್ಯದ ತಳಹದಿಯಾಗಿಸಿದರು. ಸಾಯುತ್ತಿದ್ದ ಮಕ್ಕಳನ್ನು ಆ ಅಳತೆ ಉಳಿಸಿತು, ಅದರ ಋಣ ದೊಡ್ಡದು. ಇಂದಿಗೂ ತೂಕಕ್ಕೆ ತಕ್ಕಂತೆ ದಿನಕ್ಕೆ ಇಷ್ಟು ಮಿಲಿಲೀಟರ್ ಎಂಬ ಲೆಕ್ಕವಿಲ್ಲದೆ ಘಟಕ ನಡೆಯದು. ಆದರೆ ಅದೇ ಅಳತೆ ಬಾಯಿಯಿಂದ ಕುಡಿಯುವ ಹಂತಕ್ಕೂ ಹಾಗೆಯೇ ಮುಂದುವರಿದಾಗ, ಪಾಳಿ ಬದಲಾಗುವ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಎಷ್ಟು ಎಂ.ಎಲ್. ಕುಡಿಯಿತು ಎಂಬುದೊಂದೇ ಆಗುತ್ತದೆ. ಮೂವತ್ತು ಎಂ.ಎಲ್.ನಲ್ಲಿ ಇಪ್ಪತ್ತೆಂಟು ಕುಡಿಸಿದ ಶುಶ್ರೂಷಕಿ ಸಮರ್ಥಳೆನಿಸುತ್ತಾಳೆ, ಹನ್ನೆರಡಕ್ಕೆ ನಿಲ್ಲಿಸಿ ಉಳಿದದ್ದನ್ನು ನಳಿಕೆಯಲ್ಲಿ ಇಳಿಸಿದವಳು ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುತ್ತಾಳೆ. ಮಗುವಿನ ಹುಬ್ಬೇರಿದ್ದನ್ನು ಬರೆಯಲು ಕೇಸ್‌ಶೀಟಿನಲ್ಲಿ ಅಂಕಣವಿಲ್ಲದಿದ್ದರೆ ಹನ್ನೆರಡಕ್ಕೆ ನಿಲ್ಲಿಸಿದ್ದಕ್ಕೆ ಕಾರಣವೇ ದಾಖಲಾಗುವುದಿಲ್ಲ.

ಆ ಅಂಕಣವನ್ನು ಕೂಡಿಸುವ ಯತ್ನಗಳು ನಡೆದಿವೆ. ಸ್ವೀಡನ್ನಿನ ಶುಶ್ರೂಷಕಿ ಹಾಗೂ ಸಂಶೋಧಕಿ ಚೆರ್ಸ್ಟಿನ್ ಹೆಡ್ಬರ್ಗ್ ನ್ಯೂಕ್ವಿಸ್ಟ್ 1996ರಲ್ಲಿ ಮೊಲೆಯುಣ್ಣುವ ಅವಧಿಪೂರ್ವ ಶಿಶುವಿನ ವರ್ತನೆಯನ್ನು ಗುರುತಿಸುವ ಮಾಪಕವನ್ನು ಸಂಗಡಿಗರೊಡನೆ ರೂಪಿಸಿದರು. ಅದನ್ನು ತಾಯಂದಿರೂ ತುಂಬಬಹುದಾಗಿತ್ತು ಎಂಬುದು ಗಮನಾರ್ಹ. ಥಾಯರ್, ಶೇಕರ್ ಮತ್ತು ಪ್ರಿಡಮ್ 2005ರಲ್ಲಿ ಆರಂಭಿಕ ಹಾಲೂಟದ ಕೌಶಲಗಳ ಮಾಪಕವನ್ನು ಪ್ರಕಟಿಸಿದರು. 2007ರಲ್ಲಿ ಲುಡ್ವಿಗ್ ಮತ್ತು ವೈಟ್ಸ್‌ಮನ್ ಮಗುವಿನ ಸಿದ್ಧತೆ, ಕುಡಿದ ಗುಣಮಟ್ಟ ಮತ್ತು ಕುಡಿಸಿದವರ ನೆರವು ಇವು ಮೂರಕ್ಕೂ ಅಂಕ ಕೊಡುವ ಕ್ರಮವನ್ನು ಮುಂದಿಟ್ಟರು. ಮಗುವಿನ ಸಂಜ್ಞೆಗೆ ತಕ್ಕಂತೆ ಕುಡಿಸುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬುದಕ್ಕೆ ಸಾಕ್ಷ್ಯವನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ 9 ಪ್ರಯೋಗಗಳನ್ನೂ 593 ಶಿಶುಗಳನ್ನೂ ಒಳಗೊಂಡಿತ್ತು. ನಳಿಕೆಯಿಂದ ಪೂರ್ತಿಯಾಗಿ ಬಾಯಿಗೆ ಬರುವ ಅವಧಿ ಕೆಲವು ದಿನ ಕಡಿಮೆಯಾಗಬಹುದು, ತೂಕದ ಏರಿಕೆ ತುಸು ನಿಧಾನವಾಗಬಹುದು, ಸಾಕ್ಷ್ಯದ ಗುಣಮಟ್ಟ ಮಾತ್ರ ಹೆಚ್ಚೇನಿಲ್ಲ ಎಂಬುದು ಅದರ ತಾತ್ಪರ್ಯ. ಈ ಎಚ್ಚರಿಕೆಯನ್ನು ಮರೆಮಾಚಬಾರದು. ಆದರೆ ಉಸಿರಿಗಾಗಿ ನಿಲ್ಲುವ ಮಗುವಿಗೆ ನಿಲ್ಲಲು ಬಿಡಬೇಕು ಎಂಬುದು ದಿನಗಳ ಉಳಿತಾಯದ ಮೇಲೆ ನಿಂತ ಮಾತಲ್ಲ. ಅಂಕಿ ಅಂಶ ಯಾವ ಕಡೆಗೆ ವಾಲಿದರೂ ಅದು ಆರೈಕೆಯ ಕನಿಷ್ಠ ಕರ್ತವ್ಯ.

ಇದುವರೆಗಿನ ಹೆಚ್ಚಿನ ಸಂಶೋಧನೆ ಬಾಟಲಿ ಬಳಸುವ ದೇಶಗಳದ್ದು. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿತ್ರ ಬೇರೆ. ಇಲ್ಲಿ 28ರಿಂದ 31 ವಾರದ ಮಗುವಿಗೆ ನಳಿಕೆ, 32ರಿಂದ 34 ವಾರದ ಮಗುವಿಗೆ ಚಮಚ ಅಥವಾ ಒಳಲೆ, ಅದರಾಚೆಗೆ ಮೊಲೆ ಎಂಬುದು ಸ್ಥೂಲವಾದ ಮೆಟ್ಟಿಲು, ಬಾಟಲಿಗೆ ಉತ್ತೇಜನವಿಲ್ಲ. ಅದಕ್ಕೆ ಕಾರಣವೂ ಇದೆ: ಅಮೆರಿಕದ ಶುಶ್ರೂಷಾ ಸಂಶೋಧಕಿ ಪೌಲಾ ಮಾಯರ್ 1988ರಲ್ಲೇ ಕೆಲವೇ ಶಿಶುಗಳನ್ನು ಅಳೆದು ನೋಡಿದಾಗ, ಬಾಟಲಿ ಕುಡಿಯುವಾಗ ಆಮ್ಲಜನಕ ಇಳಿದಷ್ಟು ಮೊಲೆಯುಣ್ಣುವಾಗ ಇಳಿಯಲಿಲ್ಲ. ಮೊಲೆಯಲ್ಲಿ ಹರಿವು ಬಹುಮಟ್ಟಿಗೆ ಮಗುವಿನ ಹತೋಟಿಯಲ್ಲಿರುತ್ತದೆ, ಅದು ನಿಲ್ಲಿಸಿದರೆ ಹಾಲೂ ಹೆಚ್ಚುಕಡಿಮೆ ನಿಲ್ಲುತ್ತದೆ.

ಒಳಲೆಯ ವಿಚಾರ ಇನ್ನಷ್ಟು ಸೂಕ್ಷ್ಮ. ಕೊಕ್ಕಿನಂಥ ಬಾಯಿರುವ ಈ ಪುಟ್ಟ ಬಟ್ಟಲು ಕನ್ನಡದ ಮನೆಗಳಿಗೆ ಹೊಸದಲ್ಲ. ಬೆಳ್ಳಿಯದೋ ಹಿತ್ತಾಳೆಯದೋ ಒಂದು ಒಳಲೆ ಬಾಣಂತಿಯ ಕೋಣೆಯಲ್ಲಿ ಇರುತ್ತಿತ್ತು, ಇಂದಿಗೂ ಎಷ್ಟೋ ಕಡೆ ಇದೆ. ಆದರೆ ಮನೆಯಲ್ಲಿ ಔಷಧಿ ಕುಡಿಸುವ ರೀತಿ ಬೇರೆ: ಚಾಚಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಅದು ಅತ್ತು ಬಾಯಿ ತೆರೆದಾಗ ಒಳಕ್ಕೆ ಸುರಿಯುವುದು. ದಿನ ತುಂಬದ ಮಗುವಿಗೆ ಈ ರೀತಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಘಟಕದಲ್ಲಿ ಕಲಿಸುವ ಕ್ರಮದಲ್ಲಿ ಮಗುವನ್ನು ಅರೆಕುಳಿತ ಭಂಗಿಯಲ್ಲಿ ಹಿಡಿದು, ಒಳಲೆಯ ಕೊಕ್ಕನ್ನು ಕೆಳತುಟಿಯ ಮೇಲೆ ಇರಿಸಿ, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿ ಕಾಯಬೇಕು. ಮಗು ನಾಲಿಗೆ ಚಾಚಿ ತಾನೇ ಒಳಗೆಳೆದುಕೊಳ್ಳುವವರೆಗೆ ಸುರಿಯಬಾರದು, ಒಂದು ಗುಟುಕು ಪೂರ್ತಿ ನುಂಗಿದ್ದು ಗೊತ್ತಾಗುವವರೆಗೆ ಮುಂದಿನದು ಬಾಗಬಾರದು. ಪಾತ್ರೆ ಒಂದೇ, ಮನೆಯಲ್ಲಿ ಕುಡಿಸುವವರ ಕೈ ಮುಂದು, ಇಲ್ಲಿ ಮಗುವಿನ ನಾಲಿಗೆ ಮುಂದು. ಅಜ್ಜಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದ ಶುಶ್ರೂಷಕಿ, ಆಕೆಯ ಅನುಭವಕ್ಕೆ ಅಗೌರವ ತೋರದೆ, ನೀವು ಬಲ್ಲ ಒಳಲೆಯೇ ಅಜ್ಜಿ, ಸ್ವಲ್ಪ ನಿಧಾನವಾಗಿ ಎಂದು ಹೇಳಿ, ತಾನು ಒಮ್ಮೆ ಕುಡಿಸಿ ತೋರಿಸಿ, ಮುಂದಿನ ಬಾರಿ ಅವರ ಕೈಗೇ ಕೊಟ್ಟರೆ ಮಾತಿಗಿಂತ ಹೆಚ್ಚು ಫಲವಿದೆ.

ಸಂಜ್ಞೆಯನ್ನು ಓದಲು ಹೊತ್ತು ಬೇಕು, ಒಬ್ಬಳೇ ಶುಶ್ರೂಷಕಿ ರಾತ್ರಿಪಾಳಿಯಲ್ಲಿ ಹಲವು ತೊಟ್ಟಿಲುಗಳನ್ನು ನೋಡಿಕೊಳ್ಳುವಾಗ ಅದು ಸಿಗುವುದಿಲ್ಲ. ಈ ಕೊರತೆಯನ್ನು ತರಬೇತಿಯ ಉಪದೇಶದಿಂದ ತುಂಬಲಾಗದು, ಹುದ್ದೆಗಳನ್ನು ತುಂಬಬೇಕು. ಅದರ ಜೊತೆಗೇ ತಾಯಿಯನ್ನು ಘಟಕದ ಬಾಗಿಲ ಹೊರಗೆ ಕೂರಿಸುವ ಪದ್ಧತಿ ಹೋಗಬೇಕು. 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ಎಡ್ಗರ್ ರೇ ಸನಾಬ್ರಿಯ ಅವರು ಆರಂಭಿಸಿ ಹೆಕ್ಟರ್ ಮಾರ್ಟಿನೆಸ್ ಮುಂದುವರಿಸಿದ ಕಾಂಗರೂ ಆರೈಕೆ, ಅಂದರೆ ಮಗುವನ್ನು ತಾಯಿಯ ಬರಿಯೆದೆಗೆ ಅಪ್ಪಿಸಿಡುವ ಕ್ರಮ, ಇಂದು ಕರ್ನಾಟಕದ ಆಸ್ಪತ್ರೆಗಳಿಗೂ ಬಂದಿದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಅದನ್ನು ಸರ್ಕಾರಿ ವ್ಯವಸ್ಥೆಯೊಳಗೇ ವಿಸ್ತರಿಸುವ ಅಧ್ಯಯನದಲ್ಲಿ ತೊಡಗಿದ್ದರು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದೊಡನೆ ಕಾಂಗರೂ ಆರೈಕೆ ಪಡೆದ ಕಡಿಮೆ ತೂಕದ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ಶೇ 25ರಷ್ಟು ಕಡಿಮೆಯಾಗಿತ್ತು. ಹಾಲೂಟದ ದೃಷ್ಟಿಯಿಂದಲೂ ಇದರ ಬೆಲೆ ದೊಡ್ಡದು. ಎದೆಯ ಮೇಲಿರುವ ಮಗು ಎಚ್ಚರಗೊಂಡು ತಡಕುವುದು ಎಲ್ಲರಿಗಿಂತ ಮೊದಲು ತಿಳಿಯುವುದು ತಾಯಿಯ ಚರ್ಮಕ್ಕೆ. ಶುಶ್ರೂಷಕಿ ಮೂರು ಗಂಟೆಗೊಮ್ಮೆ ಬಂದು ನೋಡುವುದನ್ನು ತಾಯಿ ಮೂರು ಗಂಟೆಯೂ ನೋಡುತ್ತಿರುತ್ತಾಳೆ. ಆಗ ಶುಶ್ರೂಷಕಿಯ ಕೆಲಸ ಕುಡಿಸುವುದರಿಂದ ಓದಲು ಕಲಿಸುವುದಕ್ಕೆ ತಿರುಗುತ್ತದೆ: ನೋಡಮ್ಮ, ಬೆರಳು ಹರಡಿತು, ಈಗ ಸ್ವಲ್ಪ ನಿಲ್ಲಿಸು ಎಂಬ ಒಂದು ಮಾತು ಅದೇ ಕ್ಷಣದಲ್ಲಿ ಬಂದರೆ ಆ ತಾಯಿ ಅದನ್ನು ಮರೆಯುವುದಿಲ್ಲ.

ಸಂಜ್ಞೆಗೆ ಕಾಯುವುದೆಂದರೆ ಎಷ್ಟು ಹೊತ್ತಾದರೂ ಕಾಯುವುದೆಂದು ಅರ್ಥವಲ್ಲ. 34ರಿಂದ 36 ವಾರಗಳಲ್ಲಿ ಹುಟ್ಟಿದ ಮಕ್ಕಳು ನೋಡಲು ದುಂಡಗಿದ್ದು, ಬೇಗ ಮನೆಗೆ ಹೋಗುತ್ತವೆ, ಆದರೆ ನಿದ್ದೆಬಡುಕವಾಗಿರುತ್ತವೆ. ಹಸಿದರೂ ಹೇಳದೆ ಮಲಗಿ, ರಕ್ತದ ಸಕ್ಕರೆ ಇಳಿಯುವುದು, ಕಾಮಾಲೆ ಏರುವುದು ಉಂಟು. ಇವುಗಳಿಗೆ ಎರಡು ಮೂರು ಗಂಟೆಯ ಗಡಿ ಇಟ್ಟುಕೊಂಡು, ಆ ಗಡಿಯೊಳಗೆ ಸಂಜ್ಞೆಯನ್ನು ಹುಡುಕುವುದು ಸರಿಯಾದ ಮಾರ್ಗ. ಹೀಗೆ ಮನೆಗೆ ಹೋದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾಳೆ, ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆ ಭೇಟಿಯಲ್ಲಿ ತೂಗುವುದಕ್ಕೆ ಮೊದಲು ಹತ್ತು ನಿಮಿಷ ಗೋಡೆಗೊರಗಿ ಕುಳಿತು, ಮಗು ಕುಡಿಯುವುದನ್ನು, ಅದು ಎಲ್ಲಿ ನಿಲ್ಲುತ್ತದೆ, ನಿಂತಾಗ ತಾಯಿಯ ಕೈ ಏನು ಮಾಡುತ್ತದೆ ಎಂಬುದನ್ನು ಆಕೆ ನೋಡುವಂತಾಗಬೇಕು. ಅದನ್ನು ಬರೆಯಲು ಆ ಪುಸ್ತಕದಲ್ಲಿ ಎರಡು ಸಾಲಿನ ಜಾಗವೂ ಇರಬೇಕು.